ಒಂದು ಹನಿಯೂ ಸೋರಲಿಲ್ಲ, ನಿಮಗೆಲ್ಲ ಥ್ಯಾಂಕ್ಸ್

ಅಂಗಡಿಯ ಮಾಡು (ಹಂಚಿನ ಚಾವಣಿ) ರಿಪೇರಿ ಆದ ಮೇಲೆ, ನಿನ್ನೆ ರಾತ್ರಿ ಈ ವರ್ಷದ ಮೊದಲ ಜೋರು ಮಳೆ. ಎರಡು ಗಂಟೆಗೆ ಎದ್ದು ಟಾರ್ಚ್ ಹಿಡಿದು ಅಂಗಡಿಗೆ ಓಡಿದೆ. ಅಕ್ಕಿ ಮೂಟೆ ಮುಟ್ಟಿ ನೋಡಿದೆ, ಬೆಲ್ಲದ ಡಬ್ಬದ ಅಡಿ ನೋಡಿದೆ, ಅಟ್ಟ ಹತ್ತಿ ನೋಡಿದೆ. ಎಲ್ಲೂ ಒಂದು ಹನಿ ಇಲ್ಲ. ಮೂಟೆಯ ಮೇಲೆ ಕೂತು ಅತ್ತುಬಿಟ್ಟೆ.

ಬಂಟ್ವಾಳ ಪೇಟೆಯ ನಮ್ಮ ಜೀನಸು ಅಂಗಡಿ ನಿಮ್ಮಲ್ಲಿ ಹಲವರಿಗೆ ಗೊತ್ತು. ಮುಂದೆ ರಸ್ತೆ, ಹಿಂದೆ ನೇತ್ರಾವತಿ. ಲಾರಿ ಇಲ್ಲದ ಕಾಲದಲ್ಲಿ ಮಂಗಳೂರಿನಿಂದ ಸಾಮಾನು ದೋಣಿಯಲ್ಲೇ ಬರುತ್ತಿತ್ತು, ಇಲ್ಲಿಂದ ಘಟ್ಟಕ್ಕೆ ಎತ್ತಿನ ಗಾಡಿ. ನಮ್ಮ ಕಟ್ಟಡವೂ ಅದಕ್ಕೆ ಸರಿಯಾಗಿಯೇ ಇದೆ: ರಸ್ತೆಗೆ ಜಗಲಿ, ನಡುವೆ ಅಂಗಡಿ, ಹೊಳೆಯ ಕಡೆ ಉಗ್ರಾಣ, ಅಲ್ಲಿಂದ ಇಳಿಯಲು ಕಲ್ಲಿನ ಮೆಟ್ಟಿಲು.

ಕಳೆದ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಉಗ್ರಾಣದ ಮಾಡು ಕುಸಿಯಿತು. ಎಲ್ಲರೂ ಹೇಳಿದ್ದು ಒಂದೇ, ಕೆಡವಿ ಟೆರೇಸ್ ಹಾಕಿ. ನಾನೂ ಹೆಚ್ಚುಕಡಿಮೆ ಒಪ್ಪಿದ್ದೆ.

ಮೊದಲ ಥ್ಯಾಂಕ್ಸ್ ಹಂಚಿನ ಕೆಲಸದ ಮಾವನಿಗೆ. ಬಿದ್ದ ರಾಶಿಯಿಂದ ಒಂದು ಹಂಚು ಎತ್ತಿ, ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು, "ಹಂಚಿಗೇನೂ ಆಗಿಲ್ಲ ಮಾರಾಯ, ಪಕ್ಕಾಸು ಮಾತ್ರ ಹೋದದ್ದು" ಅಂದರು. ಪಕ್ಕಾಸು ಅಂದರೆ ಮಾಡನ್ನು ಹೊರುವ ಇಳಿಜಾರು ಮರ; ಅದು ಯಾಕೆ ಹೋಯಿತು ಅಂತ ತೋರಿಸಿದ್ದೂ ಅವರೇ. ಗೋಡೆ ಕೆಂಪುಕಲ್ಲಿನದು, ಗಾರೆ ಸುಣ್ಣದ್ದು. ಈ ಕಲ್ಲು ನೀರು ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ನಾವು ಕೆಲವು ವರ್ಷಗಳ ಹಿಂದೆ ಚಂದ ಕಾಣಲಿ ಅಂತ ಅದರ ಮೇಲೆ ಸಿಮೆಂಟ್ ಬಳಿಸಿದ್ದೆವು. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿ ಇಲ್ಲದೆ ಗೋಡೆ ವರ್ಷಪೂರ್ತಿ ಒದ್ದೆ, ಅದರ ಮೇಲೆ ಕೂತ ಪಕ್ಕಾಸಿನ ತುದಿಗೆಲ್ಲ ಒರಲೆ (ಗೆದ್ದಲು). ಆ ಸಿಮೆಂಟನ್ನು ಉಳಿಯಲ್ಲಿ ಕೆತ್ತಿ ತೆಗೆದು, ಸುಣ್ಣದ ಗಾರೆ ಹಚ್ಚಿ, ಕಿರಾಲುಬೋಗಿ ಮರದ ಹೊಸ ಪಕ್ಕಾಸು ಕೂರಿಸಿದ್ದಾಯಿತು.

ಹಂಚಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಮ್ಮದೇ ತಕ್ಕಡಿಯಲ್ಲಿ ಒಂದನ್ನು ತೂಗಿದೆ, ಎರಡೂವರೆ ಕೆ.ಜಿ. ಹತ್ತಿರ ಬಂತು. ಅಡಿಯಲ್ಲಿ ಎರಡು ಗುಬಟು, ಅವು ಪಕ್ಕಾಸಿನ ಮೇಲೆ ಅಡ್ಡ ಹೊಡೆದ ರೀಪಿಗೆ ಕಚ್ಚಿ ಕೂರುತ್ತವೆ, ಮೊಳೆ ಬೇಡ. ಅಂಚಿನ ಗಾಡಿ, ಅಂದರೆ ಉದ್ದನೆಯ ತೋಡು, ಪಕ್ಕದ ಹಂಚಿನ ಗಾಡಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಒಡೆದರೆ ಅದೊಂದನ್ನೇ ಎಳೆದು ಬೇರೆ ಹಾಕಬಹುದು. ಬೆನ್ನ ಮೇಲೆ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಅಂತ ಅಚ್ಚು, ಜೊತೆಗೆ 1865. ಕಟ್ಟಡ ಅಷ್ಟು ಹಳೆಯದು ಅಂತ ಮನೆಯವರಿಗೆಲ್ಲ ಫೋನ್ ಮಾಡಿ ಹೇಳಿದ್ದೆ. ನಮ್ಮ ನಿವೃತ್ತ ಮೇಷ್ಟ್ರು ತಾಳ್ಮೆಯಿಂದ ತಿಳಿಸಿ ಹೇಳಿದರು: ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್‌ನವರು ಹಂಚಿನ ಕಾರ್ಖಾನೆ ತೆರೆದ ವರ್ಷ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಅದನ್ನು ವಶಪಡಿಸಿಕೊಂಡರು, ಆಮೇಲೆ ಅದು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು. ಹಾಗಾಗಿ ಮಿಷನ್ ಹೆಸರಿನ ಹಂಚು ಅಂದರೆ ನೂರು ವರ್ಷಕ್ಕಂತೂ ಮೋಸ ಇಲ್ಲ. ಮೇಷ್ಟ್ರೇ, ನಿಮಗೆ ನಮಸ್ಕಾರ.

ಕಡಿಮೆ ಬಿದ್ದ ಸುಮಾರು 300 ಹಂಚು ಎಲ್ಲಿಂದ ತರುವುದು? ಬೇರೆ ಕಾರ್ಖಾನೆಯದಾದರೆ ಗಾಡಿ ಕೂರುವುದಿಲ್ಲ. ಮೇಲಿನ ಕೇರಿಯ ಅಕ್ಕ ತಮ್ಮ ಹಳೆ ಮನೆ ಬಿಚ್ಚಿದಾಗ ತೆಗೆದಿಟ್ಟ ಅದೇ ಅಚ್ಚಿನ ಹಂಚನ್ನು ರಿಕ್ಷಾ ಟೆಂಪೋದಲ್ಲಿ ತುಂಬಿಸಿ ಕಳಿಸಿದರು, ಒಂದು ರೂಪಾಯಿ ಮುಟ್ಟಲಿಲ್ಲ. ಅಕ್ಕಾ, ನಿಮ್ಮ ಮನೆಯ ಹಂಚು ಈಗ ಹೊಳೆ ಕಡೆಯ ಸಾಲಿನಲ್ಲಿದೆ, ಬಂದು ನೋಡಿ.

ಸುಣ್ಣ ಬಳಿದ ಅಣ್ಣನಿಗೆ ನಾನು ಏನೂ ಹೇಳಿರಲಿಲ್ಲ. ಒಳಗೋಡೆಯಲ್ಲಿ ನನ್ನ ಎದೆಯೆತ್ತರಕ್ಕೆ ಅಜ್ಜ ಮಸಿಯಲ್ಲಿ ಎಳೆದ ಗೆರೆ ಇದೆ, 1974ರ ನೆರೆ ನೀರು ನಿಂತ ಗುರುತು. ಸಂಜೆ ಹೋಗಿ ನೋಡಿದರೆ ಗೋಡೆಯೆಲ್ಲ ಬೆಳ್ಳಗೆ, ಆ ಗೆರೆಯ ಸುತ್ತ ಒಂದು ಗೇಣು ಮಾತ್ರ ಹಾಗೇ ಬಿಟ್ಟಿದ್ದಾರೆ. "ನಿಮ್ಮಜ್ಜ ಬರೆದದ್ದಲ್ವಾ" ಅಂದರು, ಅಷ್ಟೇ.

ಮೂರು ತಿಂಗಳು ಜಗಲಿಯಲ್ಲೇ ವ್ಯಾಪಾರ ಮಾಡಿದೆವು. ಕೇಳಿದ್ದು ಸಿಗದಿದ್ದರೂ ಬೇರೆ ಕಡೆ ಹೋಗದವರಿಗೆ, ಸುಮ್ನೆ ಬಂದು ಉದ್ರಿ ಲೆಕ್ಕ ಮುಂಚಿತವಾಗಿ ಚುಕ್ತಾ ಮಾಡಿ ಹೋದವರಿಗೆ ಏನು ಹೇಳಲಿ, ಆ ದುಡ್ಡಿನಲ್ಲೇ ಮರದ ಬಿಲ್ ಕಟ್ಟಿದ್ದು.

ಇವತ್ತು ಬೆಳಿಗ್ಗೆ ಅಮ್ಮ ತಾವೇ ಬಾಗಿಲಿನ ಹಲಗೆ ಒಂದೊಂದಾಗಿ ತೆಗೆದರು. ಒಟ್ಟು ಹನ್ನೊಂದು, ಏಳನೆಯದು ಮಾತ್ರ ಹೊಸತು. ಬಡಗಿ ಅದಕ್ಕೂ ಹಳೆಯವುಗಳ ಹಾಗೇ ಉಳಿಯಲ್ಲಿ ನಂಬರ್ ಕೆತ್ತಿದ್ದಾರೆ. ಅಂಗಡಿ ತೆರೆದಿದೆ, ಕುಚ್ಚಲಕ್ಕಿ ಬಂದಿದೆ, ಬನ್ನಿ.