ಬಾಯಿ ಬಿಡದ ಆ ಹುಡುಗಿಯ ಬಗ್ಗೆ, ಗೆಳೆಯನಿಗೊಂದು ಪತ್ರ

ಪ್ರಿಯ ಮಹೇಶ,

ಮೊನ್ನೆ ಫೋನಿನಲ್ಲಿ ನಿನ್ನ ತರಗತಿಯ ಹುಡುಗಿಯ ವಿಷಯ ಹೇಳಿದೆಯಲ್ಲ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲು, ಚೆನ್ನಾಗಿ ಬರೆಯುತ್ತಾಳೆ, ತರಗತಿಯಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. "ಆತ್ಮವಿಶ್ವಾಸ ಸಾಲದು" ಅಂದೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳಲು ಹೇಜಲ್ ಮಾರ್ಕಸ್ ಅವರನ್ನು ನಿನಗೆ ಪರಿಚಯ ಮಾಡಿಕೊಡಬೇಕು.

ಅವರು ಅಮೆರಿಕದಲ್ಲಿ ಮೊದಲು ಮಿಷಿಗನ್‌ನಲ್ಲಿ, ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಸಾಮಾಜಿಕ ಮನಶ್ಶಾಸ್ತ್ರ ಕಲಿಸಿದ ಪ್ರೊಫೆಸರ್. 'ನಾನು' ಅನ್ನುವುದು ಹೇಗೆ ರೂಪುಗೊಳ್ಳುತ್ತದೆ ಎಂಬುದೇ ಅವರ ಜೀವಮಾನದ ಕೆಲಸ. 1977ರ ಪ್ರಯೋಗದಲ್ಲಿ ಗುಣಗಳ ಹೆಸರು ಒಂದೊಂದಾಗಿ ತೋರಿಸಿ, 'ಇದು ನಾನು', 'ಇದು ನಾನಲ್ಲ' ಎಂದು ಗುಂಡಿ ಒತ್ತಿಸಿದರು. ತಾವು ಸ್ವತಂತ್ರ ಸ್ವಭಾವದವರು ಎಂದು ಗಟ್ಟಿಯಾಗಿ ನಂಬಿದವರು ಅಂಥ ಪದಗಳಿಗೆ ಥಟ್ಟನೆ ಒತ್ತಿದರು.

1991ರಲ್ಲಿ ಶಿನೋಬು ಕಿಟಯಾಮ ಜೊತೆ ಬರೆದ ಪ್ರಬಂಧ ಇನ್ನೂ ದೊಡ್ಡ ಪ್ರಶ್ನೆ ಎತ್ತಿತು. ಎಲ್ಲರಿಂದ ಬೇರೆಯಾಗಿ ನಿಲ್ಲುವ 'ನಾನು' ಅಮೆರಿಕದಲ್ಲಿ ಸಹಜ. ಜಪಾನಿನಂಥ ಕಡೆ 'ನಾನು' ಸಂಬಂಧಗಳ ನಡುವೆಯೇ ಇರುತ್ತದೆ. ಅಲ್ಲಿ ಮಾತು ತಡೆಹಿಡಿಯುವುದು ಅಂಜಿಕೆಯಲ್ಲ, ತಿಳಿವಳಿಕೆ. ಇಡೀ ಏಷ್ಯಾವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಹಿಡಿಸುವುದಿಲ್ಲ. ಆದರೂ ಮೂಲ ಮಾತು ಸರಿ.

ನಿನಗೆ ಬೇಕಾದದ್ದು 2012ರ ಅಧ್ಯಯನ. ನಿಕೋಲ್ ಸ್ಟೀಫನ್ಸ್, ಸ್ಟೆಫನಿ ಫ್ರೈಬರ್ಗ್ ಮತ್ತಿತರರ ಜೊತೆ ಮಾರ್ಕಸ್ ಮಾಡಿದ್ದು. ಅಮೆರಿಕದಲ್ಲೂ ಅಪ್ಪ ಅಮ್ಮ ಕಾಲೇಜು ಓದದ ಮನೆಯ ಮಕ್ಕಳು 'ಮನೆಯವರಿಗೆ ನೆರವಾಗಬೇಕು, ಊರಿಗೆ ಏನಾದರೂ ಮಾಡಬೇಕು' ಎಂದೇ ಜಾಸ್ತಿ ಬರುತ್ತಾರೆ. ವಿಶ್ವವಿದ್ಯಾಲಯ ಮಾತ್ರ 'ನಿನ್ನ ದಾರಿ ನೀನೇ ಹುಡುಕು' ಅನ್ನುತ್ತದೆ. ಸಂಶೋಧಕರು ವಿದ್ಯಾರ್ಥಿಗಳಿಗೆ ಎರಡು ಬಗೆಯ ಸ್ವಾಗತ ಪತ್ರ ಕೊಟ್ಟರು. ಒಂದರಲ್ಲಿ ಸ್ವಂತ ದಾರಿಯ ಮಾತು, ಇನ್ನೊಂದರಲ್ಲಿ ಎಲ್ಲರ ಜೊತೆ ಸೇರಿ ಕಲಿಯುವ ಮಾತು. ಆಮೇಲೆ ಅಕ್ಷರ ಜೋಡಿಸಿ ಪದ ಮಾಡುವ ಒಗಟು. ಮೊದಲ ಪತ್ರ ಓದಿದವರಲ್ಲಿ ಈ ಮಕ್ಕಳು, ಅಪ್ಪ ಅಮ್ಮ ಕಾಲೇಜು ಓದಿದ ಮನೆಯ ಮಕ್ಕಳಿಗಿಂತ ಹಿಂದೆ ಬಿದ್ದರು. ಎರಡನೆಯದನ್ನು ಓದಿದವರಲ್ಲಿ ಆ ಅಂತರವೇ ಇರಲಿಲ್ಲ!

ಒಂದು ಒಗಟು ಬಿಡಿಸಿದ ಮಾತ್ರಕ್ಕೆ ಡಿಗ್ರಿ ಸಿಗುವುದಿಲ್ಲ, ಗೊತ್ತು. ಆದರೆ ಕೊರತೆ ಮಕ್ಕಳದ್ದೇ ಆಗಿದ್ದರೆ ಪತ್ರ ಬದಲಾದಾಗ ಅದು ಎಲ್ಲಿ ಹೋಯಿತು, ಹೇಳು? ನೀನು "ಯಾರಿಗೆ ಏನನ್ನಿಸುತ್ತೆ, ಹೇಳಿ" ಎಂದು ಕೇಳಿದಾಗ ಎದ್ದು ನಿಲ್ಲುವುದು ಅವಳಿಗೆ ಮೆರೆದ ಹಾಗೆ ಅನ್ನಿಸಬಹುದು, ಅಲ್ವಾ? ನಾಲ್ಕು ಜನರ ಗುಂಪು ಮಾಡು. ಗುಂಪಿನ ಪ್ರಶ್ನೆಯನ್ನು ಅವಳ ಕೈಲಿ ಕೇಳಿಸು. ಹೇಗಾಯಿತು ಅಂತ ತಪ್ಪದೆ ಬರೆ.

ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ,
ರವಿ