ಕೂಗರ್ ಫೋಟೋಗೆ ನಮ್ಮ ಕಾಡಿನ ಹೆಸರು ಹಾಕೋದನ್ನ ನಿಲ್ಲಿಸಿ

ಸಂಪಾದಕರಿಗೆ ನಮಸ್ಕಾರ,

ಹೊಸನಗರ, ತೀರ್ಥಹಳ್ಳಿ ಕಡೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಈಚೆಗೆ ಒಂದು ಫೋಟೋ ಓಡಾಡ್ತಾ ಇದೆ. ದಪ್ಪ ಜಾಕೆಟ್ ಹಾಕಿದ ಒಬ್ಬ ಸತ್ತ ದೊಡ್ಡ ಪ್ರಾಣೀನ ಮುಂದೆ ಮಲಗಿಸ್ಕೊಂಡು ಕೂತಿದಾನೆ, ಕೆಳಗೆ "ಶೆಟ್ಟಿಹಳ್ಳಿ ಕಾಡಲ್ಲಿ ಶಿಕಾರಿ, 150 ಕೆಜಿ ಚಿರತೆ, ಎಲ್ರಿಗೂ ಕಳ್ಸಿ" ಅಂತ ಬರೆದಿದಾರೆ. ಇದು ಶುದ್ಧ ಸುಳ್ಳು, ಓದಿದವರೇ ಇದನ್ನ ನಂಬಿ ಫಾರ್ವರ್ಡ್ ಮಾಡ್ತಿರೋದು ನೋಡಿ ಬೇಜಾರಾಗಿ ಈ ಪತ್ರ ಬರೀತಿದೀನಿ.

ಫೋಟೋನ ಸ್ವಲ್ಪ ದೊಡ್ಡದು ಮಾಡಿ ನೋಡಿದ್ರೆ ಸಾಕು. ಮೈಮೇಲೆ ಒಂದೂ ಚುಕ್ಕೆ ಇಲ್ಲ, ಪೂರ್ತಿ ತೆಳು ಕಂದು, ಮೂತಿ ಹತ್ರ ಬಿಳಿ, ಉದ್ದ ಬಾಲದ ತುದಿ ಕಪ್ಪು. ಹಿಂದಿನ ಮರಗಳ ಬುಡದಲ್ಲಿ ಹಿಮ ರಾಶಿ ಬಿದ್ದಿದೆ, ಮಲೆನಾಡಲ್ಲಿ ಮಂಜು ಮುಸುಕುತ್ತೆ ಹೊರತು ಹಿಮ ಬೀಳಲ್ಲ. ಅದು ಕೂಗರ್, ಪೂಮಾ ಅಂತಾನೂ ಹೇಳ್ತಾರೆ, ಕೆನಡಾದಿಂದ ಹಿಡಿದು ಚಿಲಿ ದೇಶದ ತನಕ ಇರೋ ಪ್ರಾಣಿ, ನಮ್ಮ ದೇಶದ ಯಾವ ಕಾಡಲ್ಲೂ ಇಲ್ಲ. ಇನ್ನು ತೂಕದ ಮಾತು. ಒಳ್ಳೆ ಬೆಳೆದ ಗಂಡು ಕೂಗರ್ರೇ ಸಾಮಾನ್ಯವಾಗಿ 60-70 ಕೆಜಿ, 100 ಕೆಜಿ ಮುಟ್ಟೋದು ಬಹಳ ಅಪರೂಪ. ಪ್ರಾಣೀನ ಕ್ಯಾಮೆರಾ ಹತ್ರ ಇಟ್ಟು ಮನುಷ್ಯ ಎರಡು ಹೆಜ್ಜೆ ಹಿಂದೆ ಕೂತ್ರೆ ಅದು ತಾನಾಗೇ ಭಾರಿ ಕಾಣುತ್ತೆ.

ಅಮೆರಿಕದಲ್ಲೂ ಇದೇ ಕಾಟ ಇದೆ, ಒಂದೇ ಫೋಟೋ ಊರಿಂದೂರಿಗೆ ಹೆಸರು ಬದಲಾಯಿಸ್ಕೊಂಡು ತಿರುಗುತ್ತೆ. ಆದ್ರೆ ಅಲ್ಲಿ ನಿಜ ಸುಳ್ಳು ನೋಡೋಕೆ ದಾರಿ ಇದೆ. ಕ್ಯಾಲಿಫೋರ್ನಿಯಾದಲ್ಲಿ 1990ರಿಂದ ಕೂಗರ್ ಶಿಕಾರಿನೇ ಬಂದ್, ಕೊಲೊರಾಡೋದಂಥ ಕಡೆ ಲೈಸೆನ್ಸ್ ತಗೊಂಡು ಹೊಡೀಬಹುದು, ಆದ್ರೆ ಹೊಡೆದವನು ಕೆಲವೇ ದಿನದೊಳಗೆ ತಲೆ, ಚರ್ಮ ಎರಡನ್ನೂ ವನ್ಯಜೀವಿ ಇಲಾಖೆ ಅಧಿಕಾರಿಗೆ ತೋರಿಸಿ ಸೀಲ್ ಹಾಕಿಸ್ಬೇಕು, ವಯಸ್ಸು ನೋಡೋಕೆ ಒಂದು ಹಲ್ಲನ್ನೂ ಅವರು ಕಿತ್ಕೋತಾರೆ. ದೊಡ್ಡ ಶಿಕಾರಿಗಳ ದಾಖಲೆ ಪುಸ್ತಕ ಇಟ್ಟಿರೋ ಅಮೆರಿಕದ ಬೂನ್ ಅಂಡ್ ಕ್ರಾಕೆಟ್ ಕ್ಲಬ್‌ನವರು ತೂಕನ ಲೆಕ್ಕಕ್ಕೇ ತಗೊಳ್ಳಲ್ಲ, ತಲೆಬುರುಡೇನ 60 ದಿನ ಒಣಗಿಸಿ ಉದ್ದ ಅಗಲ ಅಳೆದು ಕೂಡಿಸ್ತಾರೆ. 1901ರಲ್ಲಿ, ಆಮೇಲೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್ವೆಲ್ಟ್ ಕೊಲೊರಾಡೋದಲ್ಲಿ ಹೊಡೆದ ಕೂಗರ್ ಎಷ್ಟೋ ವರ್ಷ ದೊಡ್ಡ ದಾಖಲೆಯಾಗಿ ಉಳಿದಿದ್ದು ಬುರುಡೆ ಅಳತೆಯಿಂದಾನೇ. 2011ರಲ್ಲಿ ಕಾಡು ಕೂಗರ್‌ಗಳು ನೆಲೆಸಿರದ ಅಮೆರಿಕದ ಪೂರ್ವದ ಕನೆಕ್ಟಿಕಟ್ ರಾಜ್ಯದಲ್ಲಿ ಕಾರಿಗೆ ಸಿಕ್ಕಿ ಒಂದು ಕೂಗರ್ ಸತ್ತಾಗ, ಯಾರೋ ಸಾಕಿದ್ದು ತಪ್ಪಿಸ್ಕೊಂಡಿರ್ಬೇಕು ಅಂತ ಮಾತು ಬಂತು, ಕೊನೆಗೆ ಡಿಎನ್ಎ ನೋಡಿದ್ರೆ ಅದು ದೂರದ ಸೌತ್ ಡಕೋಟಾದ ಬ್ಲ್ಯಾಕ್ ಹಿಲ್ಸ್ ಕಾಡಿನ ಪ್ರಾಣಿ. ಹಾಗಾಗಿ ನಂಬೋಕಾಗದ ಸುದ್ದಿನೂ ಒಮ್ಮೊಮ್ಮೆ ನಿಜ ಇರುತ್ತೆ, ನೋಡದೆ ಸುಳ್ಳು ಅನ್ನೋದೂ ತಪ್ಪೇ.

ನಮ್ಮಲ್ಲಿ ಇದರಿಂದ ತೊಂದ್ರೆ ಯಾರಿಗೆ ಅಂದ್ರೆ, ಬೆಳೆ ಕಾಯೋಕೆ ಲೈಸೆನ್ಸ್ ಕೋವಿ ಇಟ್ಕೊಂಡಿರೋ ತೋಟದವರಿಗೆ. ಅಡಿಕೆ ಮಂಡಿಲಿ ನನ್ನೆದುರಿಗೇ ಒಬ್ರು "ಎಂತ ಮಾರಾಯ್ರೇ, ನಿಮ್ ಕಡೆಯವ್ರೇ ಹೊಡ್ದಿದ್ದಂತೆ ಹೌದಾ" ಅಂತ ವಯಸ್ಸಾದ ರೈತರೊಬ್ಬರನ್ನ ಕೇಳಿದ್ರು, ಪಾಪ ಅವರು ಏನೂ ಹೇಳೋಕಾಗದೆ ಚೀಟಿ ತಗೊಂಡು ಎದ್ದು ಹೋದ್ರು. ಚಿರತೆ ಕೊಂದ್ರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕನಿಷ್ಠ 3 ವರ್ಷ, 7 ವರ್ಷದ ತನಕ ಜೈಲು, ಅಂಥ ಆರೋಪನ ಫೋಟೋ ಒಂದರ ಮೇಲೆ ಯಾರ ತಲೆಗೂ ಕಟ್ಟೋ ಹಾಗಿಲ್ಲ. ಇತ್ತ ಕಡೆ ಕಾಡುಹಂದಿಗೆ ಹಾಕಿದ ಉರುಳಿಗೆ ನಿಜವಾದ ಚಿರತೆ ಸಿಕ್ಕಿ ನರಳಿ ಸಾಯುತ್ತೆ, ಅದರ ಬಗ್ಗೆ ಗ್ರೂಪಲ್ಲಿ ಒಬ್ರೂ ಮಾತಾಡಲ್ಲ.

ನಿಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟೇ, ಇಂಥ ಫೋಟೋ ಬಂದ್ರೆ ನಿಮ್ಮ ತಾಲೂಕು ವರದಿಗಾರರು ವಲಯ ಅರಣ್ಯಾಧಿಕಾರಿ ಹತ್ರ ವಿಚಾರಿಸ್ಲಿ, ಪ್ರಾಣಿ ಯಾವುದು, ಫೋಟೋ ಮೊದಲು ಎಲ್ಲಿ ಬಂದಿತ್ತು ಅಂತ ಹುಡುಕಿ ಮಾರನೇ ದಿನದ ಪೇಪರಲ್ಲೇ ಜಿಲ್ಲಾ ಪುಟದಲ್ಲಿ ಹಾಕಿ. ಓದುಗರೂ ಅಷ್ಟೇ, ನಿಜವಾಗ್ಲೂ ಶಿಕಾರಿ ಅನ್ನಿಸಿದ್ರೆ ಗ್ರೂಪಿಗೆ ಹಾಕ್ಬೇಡಿ, ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಒಬ್ಬ ಓದುಗ, ಹೊಸನಗರ ತಾಲೂಕು