ಪುಟ್ಟಿಯ ಹಾಲು, ಅದಕ್ಕೆ ಬೆರೆಸುವ ಪುಡಿ

ಲೈಪ್‌ಜಿಗ್, ಜರ್ಮನಿ
ಭಾನುವಾರ ರಾತ್ರಿ

ಅಮ್ಮನಿಗೆ ನಮಸ್ಕಾರಗಳು. ನಾವು ಮೂವರೂ ಕ್ಷೇಮ. ಅಪ್ಪನ ಸಕ್ಕರೆ, ನಿನ್ನ ಮಂಡಿನೋವು ಹೇಗಿವೆ?

ನಿನ್ನ ಪತ್ರ ತಲುಪಿತು. ನಾಲ್ಕು ಪುಟದಲ್ಲಿ ಮೂರು ಆ ಪುಡಿಯ ಬಗ್ಗೆಯೇ. ‘ತಾಯಿಯ ಹಾಲಿಗೆ ಪುಡಿ ಬೆರೆಸುವುದೆಂದರೇನು, ವೀಣಾಳಿಗೆ ಹಾಲು ಸಾಲದೇ’ ಎಂದು ಕೇಳಿದ್ದೀಯೆ. ಸಾಲುತ್ತದೆ ಅಮ್ಮ, ಮಿಗುತ್ತದೆ. ಮಿಕ್ಕದ್ದನ್ನು ವಾರ್ಡಿನ ಫ್ರೀಜರಿನಲ್ಲಿ ಹೆಸರು ಅಂಟಿಸಿ ಇಡುತ್ತಾರೆ.

ಪುಡಿಯ ಸಂಗತಿಯೇ ಬೇರೆ. ಮೂಳೆಗೆ ಬೇಕಾದ ಕ್ಯಾಲ್ಸಿಯಂ, ರಂಜಕಗಳು ಮಗುವಿಗೆ ಸೇರುವುದು ಬಹುಪಾಲು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. 29ನೇ ವಾರಕ್ಕೇ ಹುಟ್ಟಿದ ಪುಟ್ಟಿಗೆ ಆ ಮೂರು ತಿಂಗಳು ಸಿಗಲೇ ಇಲ್ಲ. ಹಾಲು ಹೆಚ್ಚಿಸೋಣವೆಂದರೆ ಹೊಟ್ಟೆಯಲ್ಲಿ ಜಾಗವಿಲ್ಲ. ಅದಕ್ಕೇ 25 ಮಿ.ಲೀ. ಹಾಲಿಗೆ ಒಂದು ಗ್ರಾಂ ಪುಡಿ. 100 ಮಿ.ಲೀ.ಗೆ ಸುಮಾರು 67 ಕ್ಯಾಲೊರಿ ಇದ್ದದ್ದು 80ರಷ್ಟಾಗುತ್ತದೆ, ಪ್ರೋಟೀನೂ ಏರುತ್ತದೆ. ನಾನು ನಾಲ್ಕು ತುತ್ತಿಗೇ ಬಾಯಿ ಮುಚ್ಚುತ್ತೇನೆಂದು ಅನ್ನಕ್ಕೆ ತುಪ್ಪ ಸುರಿದು ಕಲಸುತ್ತಿದ್ದೆಯಲ್ಲ, ಅದೇ ಲೆಕ್ಕ.

ಪುಡಿಯೂ ಹಸುವಿನ ಹಾಲಿನದೇ ಆದರೆ ಡಬ್ಬಿ ಹಾಲನ್ನೇ ಕೊಡಬಹುದಲ್ಲ ಎಂದರಂತೆ ಅಪ್ಪ. ಇಂಥ ಮಕ್ಕಳ ಕರುಳು ಇನ್ನೂ ಬಲಿತಿರುವುದಿಲ್ಲ. ಡಬ್ಬಿ ಹಾಲು ಕುಡಿದವರಲ್ಲಿ ಕರುಳು ಊದಿ ಕೊಳೆಯುವ ಕಾಯಿಲೆ ಹೆಚ್ಚು. ತಾಯಿಯ ಹಾಲು ಇಲ್ಲದಿದ್ದರೆ ಮೊದಲು ನೋಡುವುದು ಬೇರೆ ತಾಯಂದಿರು ದಾನ ಕೊಟ್ಟ ಹಾಲನ್ನು. ಮೊದಲ ನಾಲ್ಕು ದಿನ ಪುಟ್ಟಿ ಕುಡಿದದ್ದೂ ಅದನ್ನೇ. (ದೊಡ್ಡಮ್ಮನಿಗೆ ಹೇಳಬೇಡ, ಯಾರ ಹಾಲೋ ಏನೋ ಎಂದು ಶುರು ಮಾಡುತ್ತಾರೆ.) ಪಕ್ಕದ ಮಾಗ್ಡೆಬುರ್ಗ್ ಊರಿನಲ್ಲಿ 1919ರಲ್ಲೇ ಎದೆಹಾಲು ಸಂಗ್ರಹಿಸುವ ಕೇಂದ್ರ ತೆರೆದಿದ್ದರು ಎಂದು ಇಲ್ಲಿಯ ನರ್ಸ್ ಹೆಮ್ಮೆಯಿಂದ ಹೇಳಿದಳು. ನಾನು ಬಿಟ್ಟೇನೆಯೇ? ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ 1989ರಿಂದ ಇದೆ, ನಮ್ಮ ಬೆಂಗಳೂರಿನ ವಾಣಿವಿಲಾಸದಲ್ಲೂ ಇದೆ ಎಂದೆ. ಒಳಲೆಯ ಚಿತ್ರ ಬರೆದು ತೋರಿಸಿದೆ. ಮೂತಿಯಿರುವ ಈ ಬಟ್ಟಲಿನಿಂದ ನಮ್ಮಲ್ಲಿ ಆಸ್ಪತ್ರೆಯಲ್ಲೂ ಕುಡಿಸುತ್ತಾರೆಂದರೆ ಅವಳಿಗೆ ಬಲು ಸೋಜಿಗ.

ಅಜ್ಜಿಯ ಬೆಳ್ಳಿ ಒಳಲೆ ಸದ್ಯಕ್ಕೆ ಬೀರುವಿನಲ್ಲೇ ಇರಲಿ. ಈಗ ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲೇ ಹಾಲು. ಹೀರುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಳ್ಳುವುದು 34ನೇ ವಾರದ ಸುಮಾರಿಗೆ. ಬಜೆ, ಜೇನು ಯಾವುದನ್ನೂ ಕಳಿಸಬೇಡ. ಕಳಿಸಿದ್ದರೆ ಜೇನನ್ನು ದೋಸೆಗೆ ನಾನೇ ಹಾಕಿಕೊಳ್ಳುತ್ತೇನೆ.

ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಬಾಣಂತಿಗೆ ರಾತ್ರಿ ಕೊಟ್ಟದ್ದು ತಣ್ಣನೆಯ ಬ್ರೆಡ್ಡು, ಚೀಸು, ಸೌತೆಕಾಯಿ ಹೋಳು! ಕಿಟಕಿ ಬೇರೆ ತೆರೆದಿಡುತ್ತಿದ್ದರು. ಮನೆಗೆ ಬಂದು ನಿನ್ನ ಅಂಟಿನುಂಡೆ ತಿಂದ ಮೇಲೆಯೇ ವೀಣಾಳ ಮುಖಕ್ಕೆ ಕಳೆ ಬಂದದ್ದು.

ಒಂದು ವಿಷಯ ಫೋನಿನಲ್ಲಿ ಹೇಳಿರಲಿಲ್ಲ. ಹತ್ತನೇ ದಿನ ಹೊಟ್ಟೆ ಉಬ್ಬರಿಸಿತೆಂದು ಎರಡು ದಿನ ಹಾಲು ನಿಲ್ಲಿಸಿದ್ದರು. ಏನೂ ಇರಲಿಲ್ಲ, ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ನಾವೇನೂ ಹೆದರಲಿಲ್ಲ, ನೀನೂ ಹೆದರಬೇಡ. ಆಮೇಲೆ ಎರಡೆರಡು ಮಿ.ಲೀ.ನಿಂದ ಮತ್ತೆ ಶುರು ಮಾಡಿ ಈಗ ಮೂರು ಗಂಟೆಗೊಮ್ಮೆ 25 ಕೊಡುತ್ತಿದ್ದಾರೆ. ಹುಟ್ಟಿದಾಗ 1180 ಗ್ರಾಂ ಇದ್ದವಳು ಇಂದು 1390. ದಿನಕ್ಕೆ 20 ಗ್ರಾಂ ಏರುತ್ತಿದೆ, ಡಾಕ್ಟರಿಗೂ ಅಷ್ಟೇ ಬೇಕಂತೆ. ಚೆನ್ನಾಗಿದ್ದಾಳೆ ಅಮ್ಮ, ನಿಜವಾಗಿಯೂ ಚೆನ್ನಾಗಿದ್ದಾಳೆ.

ನೀನು ಮಾತ್ರ ವೀಣಾಳನ್ನು ಇನ್ನೊಮ್ಮೆ ‘ಹಾಲು ಸಾಲದೇ’ ಎಂದು ಕೇಳಬೇಡ. ಕಳೆದ ಗುರುವಾರ ಕೇಳಿದೆಯಲ್ಲ, ಫೋನ್ ಇಟ್ಟವಳೇ ಪಂಪಿನ ಸೀಸೆಯ ಗೆರೆಗಳನ್ನು ನೋಡುತ್ತ ಅತ್ತಳು. ಅಂದು ಬಂದದ್ದೂ ಅರ್ಧವೇ. ನಿನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲವೆಂದು ನನಗೆ ಗೊತ್ತು, ಅವಳಿಗೂ ಗೊತ್ತು. ಆದರೂ. ಕೇಳಬೇಕೆನಿಸಿದರೆ ನನ್ನನ್ನು ಕೇಳು, ಗ್ರಾಂ ಲೆಕ್ಕ ಕೊಡುತ್ತೇನೆ.

ಎಫ್‌ಡಿ ಮುರಿಸುವ ಮಾತು ಬೇಡ. ಆಸ್ಪತ್ರೆಯ ಖರ್ಚೆಲ್ಲ ವಿಮೆಯದು. ಪಂಪನ್ನೂ ಡಾಕ್ಟರ್ ಚೀಟಿ ಬರೆದುಕೊಟ್ಟರೆ ಔಷಧಿ ಅಂಗಡಿಯವರೇ ಬಾಡಿಗೆಗೆ ಕೊಡುತ್ತಾರೆ.

ವೀಣಾ ಕರೆಯುತ್ತಿದ್ದಾಳೆ, ಸೀಸೆ ಕುದಿಸುವ ಪಾಳಿ ನನ್ನದು. ಬೆಳಗಿನ ಮೊದಲ ಟ್ರಾಮಿಗೆ ರಾತ್ರಿಯ ಹಾಲನ್ನು ಐಸ್ ಚೀಲದಲ್ಲಿ ಒಯ್ಯಬೇಕು. ಅಪ್ಪನಿಗೆ ನಮಸ್ಕಾರ ತಿಳಿಸು. ಉಳಿದದ್ದು ಮುಂದಿನ ಪತ್ರದಲ್ಲಿ.

ಇಂತಿ ನಿನ್ನ ಮಗ,
ರಘು